ಕೋಟಿಗಳ ಕ್ರೀಡಾಂಗಣ, ಕೆಸರಿನ ಮೈದಾನ



ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ 2025ರ ಜೂನ್ 4ರಂದು ನಡೆದ ಕಾಲ್ತುಳಿತದಲ್ಲಿ 11 ಮಂದಿ ಪ್ರಾಣ ಕಳೆದುಕೊಂಡ ಬಳಿಕ, ಆನೇಕಲ್ ತಾಲ್ಲೂಕಿನ ಬೊಮ್ಮಸಂದ್ರ ಸಮೀಪದ ಸೂರ್ಯನಗರದಲ್ಲಿ 80 ಸಾವಿರ ಆಸನಗಳ ಕ್ರೀಡಾ ಸಂಕೀರ್ಣ ನಿರ್ಮಿಸುವ ಪ್ರಸ್ತಾವಕ್ಕೆ ರಾಜ್ಯ ಸರ್ಕಾರ ಅದೇ ವರ್ಷದ ಆಗಸ್ಟ್‌ನಲ್ಲಿ ಒಪ್ಪಿಗೆ ಸೂಚಿಸಿತು. ಆಗ ಪ್ರಕಟವಾದ ಅಂದಾಜು ವೆಚ್ಚ ₹1,650 ಕೋಟಿ. ಅದನ್ನು ಕರ್ನಾಟಕ ಗೃಹ ಮಂಡಳಿಯೇ ಭರಿಸುವುದೆಂದೂ ತಿಳಿಸಲಾಯಿತು. ಇಕ್ಕಟ್ಟಿನ ನಗರ ಮಧ್ಯದಿಂದ ಜನಸಂದಣಿಯನ್ನು ಹೊರಗೆ ಒಯ್ಯಬೇಕೆಂಬ ಕಾಳಜಿ ಸರಿಯಾದುದೇ. ಆದರೆ ವೃತ್ತಿಪರ ಕ್ರೀಡೆಯ, ಅಂದರೆ ಟಿಕೆಟ್, ಜಾಹೀರಾತು ಮತ್ತು ಪ್ರಸಾರ ಹಕ್ಕಿನಿಂದ ಆದಾಯ ಗಳಿಸುವ ಕ್ರೀಡೆಯ ಅಂಗಣಕ್ಕೆ ಸಾರ್ವಜನಿಕ ಸಂಸ್ಥೆಯ ಹಣ ತೊಡಗಿಸುವುದು ಎಷ್ಟರಮಟ್ಟಿಗೆ ನ್ಯಾಯ ಎಂಬ ಪ್ರಶ್ನೆ ಚರ್ಚೆಯಾಗದೆ ಉಳಿದಿದೆ.

ಈ ಮೊತ್ತವನ್ನು ಆಸನಗಳ ಸಂಖ್ಯೆಯಿಂದ ಭಾಗಿಸಿದರೆ ಒಂದೊಂದು ಆಸನಕ್ಕೆ ₹2 ಲಕ್ಷಕ್ಕೂ ಹೆಚ್ಚು ಬೀಳುತ್ತದೆ. 2020ರಲ್ಲಿ ಸಿದ್ಧವಾದ ಅಹಮದಾಬಾದಿನ 1.32 ಲಕ್ಷ ಆಸನಗಳ ಕ್ರೀಡಾಂಗಣಕ್ಕೆ ಸುಮಾರು ₹800 ಕೋಟಿ, ಅಂದರೆ ಆಸನವೊಂದಕ್ಕೆ ₹60 ಸಾವಿರದಷ್ಟು ತಗುಲಿತ್ತು. ಬೊಮ್ಮಸಂದ್ರದ ಯೋಜನೆಯಲ್ಲಿ ಒಳಾಂಗಣ ಕ್ರೀಡೆ, ವಸತಿನಿಲಯ, ಹೋಟೆಲ್, ಸಮಾವೇಶ ಭವನಗಳೂ ಸೇರಿರುವುದರಿಂದ ಈ ಹೋಲಿಕೆ ಪೂರ್ಣವಾಗಿ ಸಮವಲ್ಲವಾದರೂ, ವೆಚ್ಚ ಯಾವ ದಿಕ್ಕಿನಲ್ಲಿ ಸಾಗಿದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. 1974ರಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮೊದಲ ಟೆಸ್ಟ್ ಪಂದ್ಯ ನಡೆದಾಗ ಫ್ಲಡ್‌ಲೈಟ್‌ಗಳೇ ಇರಲಿಲ್ಲ; 2017ರ ಹೊತ್ತಿಗೆ ಅಲ್ಲಿ, ಹುಲ್ಲುಹಾಸಿನ ಅಡಿಯ ಕೊಳವೆ ಜಾಲದಿಂದ ಮಳೆನೀರನ್ನು ಯಂತ್ರದ ಮೂಲಕ ಹೀರಿ ತೆಗೆಯುವ ವ್ಯವಸ್ಥೆಯೂ ಬಂದಿತು. ಟಿ.ವಿ. ಪ್ರಸಾರಕ್ಕೆ ಬೇಕಾದ ಬೆಳಕು, ಕಂಬಗಳ ಅಡ್ಡಿಯಿಲ್ಲದ ಉಕ್ಕಿನ ಚಾವಣಿ, ಕಂಪನಿಗಳಿಗೆ ಮಾರುವ ಹವಾನಿಯಂತ್ರಿತ ಕೊಠಡಿಗಳು, ವಾಹನ ನಿಲುಗಡೆ ಇವೆಲ್ಲ ಸೇರಿ ಖರ್ಚು ಏರುತ್ತಲೇ ಹೋಗುತ್ತದೆ, ಮತ್ತು ಇವುಗಳಲ್ಲಿ ಹೆಚ್ಚಿನವು ಆಟಕ್ಕಿಂತಲೂ ವ್ಯಾಪಾರಕ್ಕೆ ಬೇಕಾದವು.

ಮೊದಲ ಅಂದಾಜು ಕೊನೆಯ ಲೆಕ್ಕವಾಗಿ ಉಳಿಯುವುದು ಅಪರೂಪ ಎಂಬುದಕ್ಕೆ ಹೊರದೇಶಗಳ ನಿದರ್ಶನಗಳಿವೆ. ಕೆನಡಾದ ಮಾಂಟ್ರಿಯಲ್ ನಗರದಲ್ಲಿ 1976ರ ಒಲಿಂಪಿಕ್ಸ್‌ಗಾಗಿ ಕಟ್ಟಿದ ಕ್ರೀಡಾಂಗಣದ ಸಾಲ ತೀರಿದ್ದು 2006ರಲ್ಲಿ. ಅದಕ್ಕಾಗಿ ಅಲ್ಲಿನ ಜನರು ತಂಬಾಕಿನ ಮೇಲೆ ವಿಶೇಷ ತೆರಿಗೆ ತೆತ್ತರು. ಅಮೆರಿಕದ ಬಫಲೊ ನಗರದ ಫುಟ್‌ಬಾಲ್ ತಂಡದ ಹೊಸ ಕ್ರೀಡಾಂಗಣಕ್ಕೆ 2022ರಲ್ಲಿ 140 ಕೋಟಿ ಡಾಲರ್ ಎಂದಿದ್ದ ಅಂದಾಜು ಮುಂದೆ 200 ಕೋಟಿ ಡಾಲರ್ ದಾಟಿತು. ಆದರೆ ಸರ್ಕಾರದ ಪಾಲು 85 ಕೋಟಿ ಡಾಲರ್ ಎಂದು ಒಪ್ಪಂದದಲ್ಲೇ ನಿಗದಿಯಾಗಿದ್ದರಿಂದ ಹೆಚ್ಚುವರಿ ಹೊರೆ ತಂಡದ ಮಾಲೀಕರ ಮೇಲೆ ಬಿದ್ದಿತು. ಬೊಮ್ಮಸಂದ್ರದ ವಿಷಯದಲ್ಲಿ ಅಂತಹ ಮಿತಿಯನ್ನು ಕಾಮಗಾರಿಗೆ ಮುನ್ನವೇ ಲಿಖಿತವಾಗಿ ಗೊತ್ತುಪಡಿಸಬೇಕು.

ಹಣ ಬೊಕ್ಕಸದ್ದಲ್ಲ, ಮಂಡಳಿಯದು ಎಂಬ ಸಮಜಾಯಿಷಿಯೂ ಒಪ್ಪುವಂಥದ್ದಲ್ಲ. ಗೃಹ ಮಂಡಳಿಯು 1962ರ ಕಾಯ್ದೆಯಡಿ ಜನರಿಗೆ ವಸತಿ ಒದಗಿಸಲೆಂದು ರೂಪುಗೊಂಡ ಸಂಸ್ಥೆ. ಅದರ ನಿಧಿಯಲ್ಲಿ ನಿವೇಶನ ಮತ್ತು ಮನೆಗಾಗಿ ಸಾಮಾನ್ಯ ಕುಟುಂಬಗಳು ಕಟ್ಟಿದ ಹಣವೂ ಇದೆ. ಇನ್ನೊಂದೆಡೆ, 2023ರಿಂದ 2027ರವರೆಗಿನ ಐಪಿಎಲ್ ಪ್ರಸಾರ ಹಕ್ಕುಗಳೇ ₹48,390 ಕೋಟಿಗೆ ಮಾರಾಟವಾಗಿವೆ. ಇಷ್ಟು ಗಳಿಸುವ ಕ್ರೀಡೆಗೆ ತನ್ನ ಅಂಗಣವನ್ನು ತಾನೇ ಕಟ್ಟಿಕೊಳ್ಳುವ ಶಕ್ತಿ ಖಂಡಿತ ಇದೆ.

ಅರ್ಥಶಾಸ್ತ್ರದಲ್ಲಿ ಅವಕಾಶ ವೆಚ್ಚ ಎಂಬ ಪರಿಕಲ್ಪನೆಯಿದೆ. ಒಂದು ಕೆಲಸಕ್ಕೆ ಹಣ ಸುರಿದಾಗ ಕೈತಪ್ಪಿಹೋಗುವ ಇನ್ನೊಂದು ಕೆಲಸದ ಬೆಲೆಯೇ ಅದು. ₹1,650 ಕೋಟಿಯನ್ನು ರಾಜ್ಯದ ಸುಮಾರು 240 ತಾಲ್ಲೂಕುಗಳಿಗೆ ಹಂಚಿದರೆ ಪ್ರತಿಯೊಂದಕ್ಕೂ ಆರೂವರೆ ಕೋಟಿಗೂ ಹೆಚ್ಚು ಸಿಗುತ್ತದೆ. ಬೊಮ್ಮಸಂದ್ರದಿಂದ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರವಿರುವ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ ಶಾಲಾ ಮಕ್ಕಳ ಹೋಬಳಿ ಹಾಗೂ ತಾಲ್ಲೂಕು ಮಟ್ಟದ ಕ್ರೀಡಾಕೂಟಗಳು ಬರುವುದೇ ಮಳೆಗಾಲದಲ್ಲಿ. ದೈಹಿಕ ಶಿಕ್ಷಕರು ಬೆಳಿಗ್ಗೆ ಸುಣ್ಣದ ಪುಡಿಯಲ್ಲಿ ಎಳೆದ ಕಬಡ್ಡಿ ಅಂಕಣದ ಗೆರೆ ಒಂದು ಜಡಿಮಳೆಗೆ ಅಳಿಸಿಹೋಗುತ್ತದೆ. ಕೆಸರಿನಲ್ಲಿ ಬರಿಗಾಲಲ್ಲಿ ಓಡಿದ ಮಕ್ಕಳೇ ಮುಂದೆ ಜಿಲ್ಲಾ ಮಟ್ಟದಲ್ಲಿ ಮ್ಯಾಟ್ ಮೇಲೆ ಪಳಗಿದವರನ್ನು ಎದುರಿಸಬೇಕಾಗುತ್ತದೆ. ಪುರುಷರ ಕಬಡ್ಡಿ ಅಂಕಣದ ಅಳತೆ 13 ಮೀಟರ್ ಉದ್ದ, 10 ಮೀಟರ್ ಅಗಲ ಮಾತ್ರ. ಅಷ್ಟು ಜಾಗಕ್ಕೆ ಚಾವಣಿ ಮತ್ತು ಮ್ಯಾಟ್, ನೀರು ನಿಲ್ಲದ ಓಟದ ಪಥ, ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸಲು ಕೋಣೆ ಮತ್ತು ಶೌಚಾಲಯ, ಕಾಯಂ ತರಬೇತುದಾರರು ಇವು ದುಬಾರಿ ಬೇಡಿಕೆಗಳಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೊ–ಖೊ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿದ್ದ ಬಿ. ಚೈತ್ರಾ ಅವರು ಟಿ. ನರಸೀಪುರ ತಾಲ್ಲೂಕಿನ ಕುರುಬೂರು ಗ್ರಾಮದವರು ಎಂಬುದನ್ನು ಯೋಜನೆ ರೂಪಿಸುವವರು ಗಮನಿಸಬೇಕು.

ಪ್ರೇಕ್ಷಕರ ಸುರಕ್ಷತೆಯೇ ಮುಖ್ಯ ಉದ್ದೇಶವಾಗಿದ್ದರೆ ಅದು ರಾಜಧಾನಿಗಷ್ಟೇ ಸೀಮಿತವಾಗಬಾರದು. ದೀಪಾವಳಿಯ ನಂತರ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಹಳ್ಳಿಗಳಲ್ಲಿ ನಡೆಯುವ ಹೋರಿ ಬೆದರಿಸುವ ಹಬ್ಬಕ್ಕೆ ಸಾವಿರಾರು ಜನ ಸೇರುತ್ತಾರೆ, ಮತ್ತು ಹೋರಿ ತಿವಿದು ನೋಡುಗರು ಮೃತಪಟ್ಟ ಘಟನೆಗಳು ಹಿಂದಿನ ವರ್ಷಗಳಲ್ಲಿ ವರದಿಯಾಗಿವೆ. ಗಟ್ಟಿ ತಡೆಬೇಲಿ, ಎತ್ತರದ ಅಟ್ಟಣಿಗೆ, ಆಂಬುಲೆನ್ಸ್ ಸಾಗಲು ಬಿಟ್ಟ ದಾರಿ ಇವು ಇಲ್ಲಿಯೂ ಜೀವ ಉಳಿಸಬಲ್ಲವು.

ಆದ್ದರಿಂದ ಸರ್ಕಾರವು ಬೊಮ್ಮಸಂದ್ರ ಯೋಜನೆಯ ವಿಸ್ತೃತ ವರದಿಯನ್ನು ಕನ್ನಡದಲ್ಲಿ ಪ್ರಕಟಿಸಿ, ಸಾರ್ವಜನಿಕ ಹಣದ ಗರಿಷ್ಠ ಮಿತಿಯನ್ನೂ ವಾರ್ಷಿಕ ನಿರ್ವಹಣೆಯ ಹೊಣೆಯನ್ನೂ ಗೊತ್ತುಪಡಿಸಬೇಕು. ಅಲ್ಲಿ ಪಂದ್ಯ ನಡೆಸಿ ಲಾಭ ಪಡೆಯುವ ಸಂಸ್ಥೆಗಳಿಂದ ನಿರ್ಮಾಣದ ಬಹುಪಾಲನ್ನು ವಸೂಲು ಮಾಡಬೇಕು. ತಾಲ್ಲೂಕು ಮೈದಾನಗಳಿಗೆ ಪ್ರತ್ಯೇಕ ನಿಧಿಯನ್ನು ಬಜೆಟ್‌ನಲ್ಲಿ ಮೀಸಲಿಡಬೇಕು. ಶಿಕಾರಿಪುರ ಮತ್ತು ಸೊರಬದ ಜನಪ್ರತಿನಿಧಿಗಳು ಪಕ್ಷಭೇದ ಮರೆತು ಈ ಬೇಡಿಕೆಯನ್ನು ವಿಧಾನಸಭೆಯಲ್ಲಿ ಮಂಡಿಸಬೇಕು.

ಕ್ರೀಡಾಸಕ್ತ ಓದುಗ,
ಆನವಟ್ಟಿ, ಸೊರಬ ತಾಲ್ಲೂಕು