ಸರಾಸರಿ ಹೇಳದ ಸತ್ಯ

ತಿಂಗಳ ಮೊದಲ ವಾರದಲ್ಲಿ ನಮ್ಮ ಬಡಾವಣೆಯ ಪತ್ತಿನ ಸಹಕಾರ ಸಂಘಕ್ಕೆ ಹೋಗುವುದೆಂದರೆ ತಾಳ್ಮೆಯ ಪರೀಕ್ಷೆಗೆ ಕೂತಂತೆಯೇ ಸರಿ. ಠೇವಣಿಯ ಬಡ್ಡಿಗೆಂದು ಬಂದ ಹಿರಿಯರು ಪಾಸ್‌ಬುಕ್ಕನ್ನೇ ಬೀಸಣಿಗೆ ಮಾಡಿಕೊಂಡು ಸಾಲಿನಲ್ಲಿ ನಿಂತಿರುತ್ತಾರೆ. ಕೌಂಟರಿನಲ್ಲಿರುವ ಹೆಣ್ಣುಮಗಳು ಗುಂಡಿಯೊತ್ತಿ ಪರದೆಯನ್ನೇ ನೋಡುತ್ತ ಕುಳಿತಿರುತ್ತಾಳೆ. “ಈಕೆಗೆ ಕೈಯೇ ಓಡುವುದಿಲ್ಲವಲ್ಲ!” ಎಂಬ ಉದ್ಗಾರ ಸಾಲಿನಿಂದ ಕೇಳಿಬರುತ್ತದೆ. ಈ ದೂರುಗಳ ಫಲವಾಗಿ, ನಿಧಾನಕ್ಕೆ ಕಾರಣ ಕೇಳಿ ಆಕೆಗೊಂದು ಮೆಮೊ ಕೂಡ ಬಂತು.

“ಯಂತ್ರವೇ ತಡೆಯುತ್ತದೆ, ನಾನೇನು ಮಾಡಲಿ?” ಎಂದು ಆಕೆ ಹೇಳಿಕೊಂಡಳು. ಹೊಸ ಡಿಸ್ಕನ್ನು ಒದಗಿಸಿದ ವರ್ತಕರು ಕೂಡಲೇ ಒಂದು ಹಾಳೆಯನ್ನು ತೋರಿಸಿದರು: “ಸರಾಸರಿ ವಿಳಂಬ ೬ ಮಿಲಿಸೆಕೆಂಡು.” ಕಣ್ಣು ಮಿಟುಕಿಸುವುದಕ್ಕೂ ಇದಕ್ಕಿಂತ ಹತ್ತಾರು ಪಾಲು ಹೆಚ್ಚು ಕಾಲ ಬೇಕು. ಅಂಕಿಯ ಮುಂದೆ ಅಬಲೆಯ ಮಾತು ಸೋತಿತು.

ಸಂಘದ ಸದಸ್ಯನಾದ ನಾನು ಈ ಸಂಗತಿಯನ್ನು ಕಂಪ್ಯೂಟರು ಬಲ್ಲ ನನ್ನ ಸೋದರಳಿಯನ ಕಿವಿಗೆ ಹಾಕಿದೆ. ಅವನು ನಕ್ಕು, “ಮಾವ, ಒಂದು ಲೆಕ್ಕ ಮಾಡಿ. ಡಿಸ್ಕಿಗೆ ೧,೦೦೦ ಕೋರಿಕೆಗಳು ಹೋದವೆನ್ನಿ. ೯೯೦ ಕೋರಿಕೆಗಳು ತಲಾ ೧ ಮಿಲಿಸೆಕೆಂಡಿನಲ್ಲಿ ಮುಗಿದವು. ೧೦ ಮಾತ್ರ ತಲಾ ೫೦೦ ಮಿಲಿಸೆಕೆಂಡು ಹಿಡಿದವು. ಸರಾಸರಿ ಎಷ್ಟು?” ಎಂದ. ಕೂಡಿಸಿ ಭಾಗಿಸಿದೆ. ಹೆಚ್ಚುಕಡಿಮೆ ೬! ಆದರೆ ೬ ಮಿಲಿಸೆಕೆಂಡು ಕಾದ ಕೋರಿಕೆ ಒಂದಾದರೂ ಉಂಟೆ? ಇಲ್ಲ. ಯಾರಿಗೂ ಆಗದ ಅನುಭವವನ್ನು ಎಲ್ಲರ ಹೆಸರಿನಲ್ಲಿ ಬರೆದಿಡುವ ವಿದ್ಯೆಯೇ ಸರಾಸರಿ.

ನೂರಕ್ಕೊಂದು ತಡವಾದರೆ ಏನು ಮಹಾ, ಎಂದು ವಾಚಕರು ಕೇಳಬಹುದು. ಒಂದು ಪಾಸ್‌ಬುಕ್ಕಿನ ಕೆಲಸಕ್ಕೆ ಡಿಸ್ಕನ್ನು ೧೦೦ ಬಾರಿ ಮುಟ್ಟಬೇಕಾಗುತ್ತದೆಂದೂ, ತಡಗಳು ಅಲ್ಲಲ್ಲಿ ಹಂಚಿಹೋಗಿವೆಯೆಂದೂ ಭಾವಿಸಿ. ಆಗ ೧೦೦ ಗ್ರಾಹಕರಲ್ಲಿ ಸುಮಾರು ೬೩ ಮಂದಿ ಒಂದಾದರೂ ದೊಡ್ಡ ತಡೆಗೆ ಸಿಕ್ಕಿಬೀಳುತ್ತಾರೆ. ನೂರು ಯಂತ್ರಗಳಿಗೆ ಹಂಚಿದ ಕೆಲಸದ ವಿಷಯದಲ್ಲಿ ಇದೇ ಲೆಕ್ಕವನ್ನು ಗೂಗಲ್ ಸಂಸ್ಥೆಯ ಜೆಫ್ರಿ ಡೀನ್ ಮತ್ತು ಲೂಯಿಸ್ ಬರೋಸೊ ಎಂಬವರು ೨೦೧೩ರಲ್ಲಿ ಪ್ರಕಟಿಸಿದರು. ವಿರಳವಾದ ವಿಳಂಬವೂ ಕೌಂಟರಿಗೆ ಬರುವ ವೇಳೆಗೆ ನಿತ್ಯದ ಗೋಳಾಗುತ್ತದೆ.

ಈ ಗುಟ್ಟನ್ನು ಬಯಲಿಗೆಳೆಯುವ ಉಪಕರಣವೊಂದು ಉಚಿತವಾಗಿಯೇ ದೊರೆಯುತ್ತದೆ. ಹೆಸರು ‘ಫಿಯೋ’. ಲಿನಕ್ಸ್ ವ್ಯವಸ್ಥೆಯಲ್ಲಿ ಡಿಸ್ಕಿನ ವಿಭಾಗವನ್ನು ನೋಡಿಕೊಳ್ಳುವ ಯೆನ್ಸ್ ಆಕ್ಸ್‌ಬೋ ಎಂಬವರು, ಪ್ರತಿಯೊಂದು ಪರೀಕ್ಷೆಗೂ ಹೊಸ ಪ್ರೋಗ್ರಾಮು ಬರೆಯುವ ಕಾಟ ತಪ್ಪಲೆಂದು ಇದನ್ನು ರಚಿಸಿದರು. ನಾವು ಮಾಡಬೇಕಾದದ್ದು ಇಷ್ಟೆ: ಯಾವ ಬಗೆಯ ಕೆಲಸ, ಎಷ್ಟು ದೊಡ್ಡ ತುಣುಕು, ಎಷ್ಟು ಹೊತ್ತು ಎಂಬುದನ್ನು ಒಂದು ಕಡತದಲ್ಲಿ ಸಾಲುಸಾಲಾಗಿ ಬರೆದುಕೊಡುವುದು. ಪ್ರಶ್ನೆ ಸರಿಯಿದ್ದರೆ ಉತ್ತರವೂ ಸರಿ; ಪ್ರಶ್ನೆ ಮೃದುವಾದರೆ ಉತ್ತರವೂ ಮೃದು.

ಭಾನುವಾರ ಸಂಘದವರ ಒಪ್ಪಿಗೆ ಪಡೆದು, ಅದೇ ಮಾದರಿಯ ಬಿಡಿ ಡಿಸ್ಕಿನ ಮೇಲೆ ಸೋದರಳಿಯ ಪರೀಕ್ಷೆಗೆ ಕುಳಿತ. ಲೆಕ್ಕಪತ್ರವಿರುವ ಡಿಸ್ಕನ್ನು ಅವನು ಮುಟ್ಟಲಿಲ್ಲ. ಬರೆಯುವ ಪರೀಕ್ಷೆಗೆ ಕಡತದ ಬದಲು ಇಡೀ ಡಿಸ್ಕಿನ ಹೆಸರನ್ನೇ ಕೊಟ್ಟರೆ ಅದರಲ್ಲಿರುವ ಸರ್ವಸ್ವವೂ ಅಳಿಸಿಹೋಗುವುದೆಂಬ ಎಚ್ಚರ ಅವನಿಗಿತ್ತು. ಅಲ್ಲಲ್ಲಿಗೆ ಹಾರಿ ಬರೆಯುವ ಕೆಲಸ, ೪ ಕಿಲೋಬೈಟಿನ ತುಣುಕು ಎಂದು ಮೊದಲು ಬರೆದ. ಬಳಿಕ ‘ಡೈರೆಕ್ಟ್’ ಎಂಬುದರ ಮುಂದೆ ೧ ಎಂದು ನಮೂದಿಸಿದ. ಇಲ್ಲವಾದರೆ ಕಂಪ್ಯೂಟರು ತನ್ನ ಸ್ಮರಣೆಯಲ್ಲೇ ಕೆಲಸ ಮುಗಿಸಿ, ಡಿಸ್ಕು ಚುರುಕಾಗಿದೆಯೆಂದು ಸುಳ್ಳುಸಾಕ್ಷಿ ಹೇಳುವುದುಂಟು. ವರ್ತಕರ ಪರೀಕ್ಷೆ ಒಂದೇ ನಿಮಿಷದ್ದು. ಇವನು ಒಂದು ಗಂಟೆಯ ಅವಧಿ ಕೊಟ್ಟ.

ಇನ್ನು ದಾಖಲೆಯ ಮಾತು. ‘ರೈಟ್ ಲ್ಯಾಟ್ ಲಾಗ್’ ಎಂಬ ಸಾಲಿನಲ್ಲಿ ಒಂದು ಹೆಸರು ಕೊಟ್ಟರೆ ಫಿಯೋ ಮೂರು ಬಗೆಯ ದಿನಚರಿ ಬರೆಯುತ್ತದೆ: ಕೋರಿಕೆಯನ್ನು ಒಪ್ಪಿಸಲು ಹಿಡಿದ ಕಾಲ, ಒಪ್ಪಿಸಿದ ಮೇಲೆ ಮುಗಿಯಲು ಹಿಡಿದ ಕಾಲ, ಮತ್ತು ಒಟ್ಟು ಕಾಲ. ಪ್ರತಿ ಸಾಲಿನ ಮೊದಲ ಅಂಕಿ ಪರೀಕ್ಷೆ ಆರಂಭವಾಗಿ ಕಳೆದ ಮಿಲಿಸೆಕೆಂಡು, ಎರಡನೆಯದು ವಿಳಂಬ. ೩.೦ ಆವೃತ್ತಿಯಿಂದೀಚೆಗೆ ಇದು ನ್ಯಾನೊಸೆಕೆಂಡಿನಲ್ಲಿರುತ್ತದೆ. ೧೦ ಲಕ್ಷ ನ್ಯಾನೊಸೆಕೆಂಡಿಗೆ ಒಂದು ಮಿಲಿಸೆಕೆಂಡು. ಮೂರನೆಯದು ೦ ಆದರೆ ಓದು, ೧ ಆದರೆ ಬರಹ. ಈ ದಿನಚರಿಯನ್ನು ಬೇರೊಂದು ಡಿಸ್ಕಿನಲ್ಲಿ ಇಡತಕ್ಕದ್ದು. ಪರೀಕ್ಷೆಗೆ ಕುಳಿತವನ ಕೈಯಿಂದಲೇ ಅಂಕಪಟ್ಟಿ ಬರೆಸಬಾರದಷ್ಟೆ.

ಪ್ರತಿಯೊಂದು ಕೋರಿಕೆಯನ್ನೂ ಬರೆಯುತ್ತ ಹೋದರೆ ದಿನಚರಿ ಬೆಟ್ಟದಷ್ಟಾಗುತ್ತದೆ. ಆದಕಾರಣ ‘ಲಾಗ್ ಆವರೇಜ್ ಎಂಸೆಕ್’ ಎಂಬಲ್ಲಿ ೧೦೦೦ ಎಂದು ಬರೆದು, ಸೆಕೆಂಡಿಗೊಂದು ಸಾಲು ಸಾಕೆನ್ನುವ ಅನುಕೂಲವಿದೆ. ಆದರೆ ಎಚ್ಚರ! ಇಲ್ಲಿ ಹಿಂಬಾಗಿಲಿನಿಂದ ಮತ್ತೆ ಸರಾಸರಿಯೇ ಒಳಗೆ ಬರುತ್ತದೆ. ‘ಲಾಗ್ ಮ್ಯಾಕ್ಸ್ ವ್ಯಾಲ್ಯೂ’ ಎಂಬುದನ್ನು ೧ ಮಾಡಿದರೆ ಆಯಾ ಸೆಕೆಂಡಿನ ಅತಿ ದೊಡ್ಡ ವಿಳಂಬವೇ ದಾಖಲಾಗುತ್ತದೆ. ಸೋದರಳಿಯ ಹಾಗೆಯೇ ಮಾಡಿದ.

ಮೊದಲ ಕೆಲವು ನಿಮಿಷ ಡಿಸ್ಕು ಜಿಂಕೆಯಂತೆ ಓಡಿತು. ಆಮೇಲೆ ದಿನಚರಿಯಲ್ಲಿ ಅಲ್ಲೊಂದು ಇಲ್ಲೊಂದು ಅರ್ಧ ಸೆಕೆಂಡಿಗೂ ಮೀರಿದ ತಡೆಗಳು ತಲೆಯೆತ್ತಿದವು. ಈ ಬಗೆಯ ಡಿಸ್ಕು ಬರೆದಿದ್ದರ ಮೇಲೆಯೇ ಮತ್ತೆ ಬರೆಯಲಾರದು. ಖಾಲಿ ಜಾಗ ತೀರಿದೊಡನೆ ಬೇಕಾದದ್ದನ್ನು ಬೇರೆಡೆಗೆ ಸಾಗಿಸಿ, ಹಳೆಯದನ್ನು ರಾಶಿರಾಶಿಯಾಗಿ ಅಳಿಸಬೇಕು. ಅಷ್ಟರವರೆಗೆ ಹೊಸ ಕೋರಿಕೆಗಳು ಬಾಗಿಲಲ್ಲಿ ಕಾಯಬೇಕು. ಬಡ್ಡಿ ಬರೆಯುವ ತಿಂಗಳ ಮೊದಲ ವಾರ ಬರಹದ ಭರಾಟೆಯ ವಾರವಷ್ಟೆ!

ಆ ದಿನಚರಿಯಿಂದ ಬರೆದ ನಕ್ಷೆಯನ್ನು ಸಮಿತಿಯವರ ಮುಂದೆ ಇಟ್ಟೆವು. ಡಿಸ್ಕನ್ನು ಬದಲಾಯಿಸುವುದೆಂದು ತೀರ್ಮಾನವಾಯಿತು. ಮೆಮೊವನ್ನು ಹಿಂದಕ್ಕೆ ಪಡೆದರು.

ಹೊರಗೆ ಬರುವಾಗ ಆ ಹೆಣ್ಣುಮಗಳು ನಮ್ಮನ್ನು ತಡೆದು ಮೆಲ್ಲಗೆ ಕೇಳಿದಳು: “ಸಾರ್, ಆ ಕಾಗದದ ಒಂದು ಪ್ರತಿ ನನಗೂ ಸಿಗಬಹುದೆ? ಮನೆಯಲ್ಲಿ ನಮ್ಮ ತಂದೆಯವರಿಗೆ ತೋರಿಸಬೇಕು.”