ದಾರಿ ತಪ್ಪಿದ ನಾಯಿಗೊಂದು ಕೊರಳಪಟ್ಟಿ

ನಿಪ್ಪಾಣಿ ತಾಲೂಕಿನ ಯಮಗರ್ಣಿಯ ‘ಮಹಾರಾಜ’ನೆಂಬ ನಾಯಿಯ ವೃತ್ತಾಂತವನ್ನು ವಾಚಕರಲ್ಲಿ ಅನೇಕರು ಕೇಳಿರಬಹುದು. 2024ನೆಯ ಇಸವಿಯ ಜೂನ್ ತಿಂಗಳ ಕೊನೆಗೆ ಅದು ಯಜಮಾನನ ಬೆನ್ನುಹತ್ತಿ ಪಂಢರಪುರಕ್ಕೆ ನಡೆದುಹೋಗಿ, ಅಲ್ಲಿಯ ಜನಸಂದಣಿಯಲ್ಲಿ ತಪ್ಪಿಸಿಕೊಂಡಿತು. ಎಷ್ಟು ಹುಡುಕಿದರೂ ಸಿಕ್ಕಲಿಲ್ಲ. ಜುಲೈ ಮಧ್ಯದಲ್ಲಿ, ಸುಮಾರು 250 ಕಿಲೋಮೀಟರು ದಾರಿಯನ್ನು ಕ್ರಮಿಸಿ, ತಾನಾಗಿಯೇ ಮನೆಯ ಮುಂದೆ ಬಂದು ನಿಂತಿತು. ಊರವರು ಅದಕ್ಕೆ ಮಾಲೆ ಹಾಕಿ, ಊಟವಿಟ್ಟು ಸಂಭ್ರಮಪಟ್ಟರು.

ಈ ಕೀರ್ತಿಯೆಲ್ಲ ನಾಯಿಯದು, ಸಾಕಿದವರದೇನೂ ಇಲ್ಲ. ಎಲ್ಲ ನಾಯಿಗಳೂ ಹೀಗೆ ಮರಳುವವೆಂದು ನಂಬಿ ಕೂಡ್ರುವದು ಯೋಗ್ಯವಲ್ಲ.

ನಮ್ಮ ಆಕಳು ಎಮ್ಮೆಗಳ ಕಿವಿಯಲ್ಲಿ 12 ಅಂಕಿಗಳ ಹಳದಿ ಬಿಲ್ಲೆಯುಂಟು; ಬಾಗಿಲು ಕಾಯುವ ನಾಯಿಗೆ ಮಾತ್ರ ಯಾವ ಗುರುತೂ ಇಲ್ಲ. ಪಶುವೈದ್ಯರು ಚರ್ಮದಡಿಯಲ್ಲಿ ಅಕ್ಕಿಕಾಳಿನಷ್ಟು ಮೈಕ್ರೋಚಿಪ್ಪನ್ನು ಸೇರಿಸುವದುಂಟು. ಅದರ 15 ಅಂಕಿಗಳನ್ನು ಓದಲು ಬೇರೊಂದು ಯಂತ್ರವೇ ಬೇಕು. (ನಾಯಿ ಎಲ್ಲಿದೆಯೆಂಬುದನ್ನು ಅದು ತೋರಿಸುವದಿಲ್ಲ, ಹಾಗೆ ತಿಳಿದವರು ಬಹಳ.) ಚಿಂಚಲಿಯ ಜಾತ್ರೆಯಲ್ಲಿ ನಾಯಿಯನ್ನು ಕಂಡ ಗಾಡಿಯವನಲ್ಲಿ ಆ ಯಂತ್ರ ಎಲ್ಲಿಂದ ಬಂದೀತು?

ಆದುದರಿಂದ ಚಿಪ್ಪಿದ್ದರೂ ಕೊರಳಪಟ್ಟಿಯು ಅವಶ್ಯ. ಅದಕ್ಕೊಂದು ತಗಡಿನ ಬಿಲ್ಲೆ; ಬಿಲ್ಲೆಯ ಮೇಲೆ ಊರಿನ ಹೆಸರು, ಫೋನ್ ನಂಬರು. ಮಸಿಯು ಮಳೆಗೆ ಅಳಿಯುವದು, ಕೊರೆಯಿಸುವದೇ ಲೇಸು. ಕಾಗವಾಡದಿಂದ ತಪ್ಪಿಸಿಕೊಂಡ ನಾಯಿ ಮಿರಜೆಯಲ್ಲಿ ಸಿಕ್ಕೀತು; ಕಾರಣ ಕನ್ನಡದೊಡನೆ ಮರಾಠಿಯೂ ಇರಲಿ. ಪಟ್ಟಿಯೊಳಗೆ ಎರಡು ಬೆರಳು ಹಿಡಿಸುವಷ್ಟು ಸಡಿಲು ಬೇಕು. ಮನೆಯಲ್ಲಿ ಶಾಲೆಗೆ ಹೋಗುವ ಮಗಳಿದ್ದರೆ ಈ ಕೆಲಸವನ್ನು ಅವಳಿಗೇ ಒಪ್ಪಿಸಿರಿ. ನಂಬರು ಬದಲಾದಾಗ ಹೊಸ ಬಿಲ್ಲೆ ಮಾಡಿಸಲು ತಂದೆಗೆ ನೆನಪು ಕೊಡುವವಳೂ ಅವಳೇ.