ಒಂದು ಕೇಳಿದೆ, ಎರಡು ಬಂದವು

ಮಕ್ಕಳೇ, ಯಾರೋ ರಟ್ಟಿನ ಪೆಟ್ಟಿಗೆಯಲ್ಲಿ ಬಿಟ್ಟುಹೋಗಿದ್ದ ಎರಡು ಗಿನಿಪಿಗ್‌ಗಳನ್ನು ನಮ್ಮ ಬೀದಿಯ ಹುಡುಗಿಯೊಬ್ಬಳು ಕಾಪಾಡಿದ್ದಳು. ಮೊಮ್ಮಗಳ ಹಟಕ್ಕೆ ಸೋತು, "ಒಂದನ್ನು ಕೊಡಮ್ಮ" ಎಂದು ಕೇಳಿದೆ.

"ಒಂಟಿಯಾದರೆ ಕೊರಗುತ್ತವೆ ಅಜ್ಜಿ. ಎರಡೂ ಹೆಣ್ಣೇ, ಮರಿಗಳ ಚಿಂತೆಯಿಲ್ಲ" ಎಂದಳು.

ಅವುಗಳ ಹಲ್ಲು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತದೆ. ಸವೆಯಲು ದಿನವಿಡೀ ಒಣಹುಲ್ಲು ಮೆಲ್ಲಬೇಕು. ನಮ್ಮ ಹಾಗೆ ಅವುಗಳ ದೇಹಕ್ಕೂ ವಿಟಮಿನ್ ಸಿ ತಯಾರಿಸಲು ಬಾರದು. ಅದಕ್ಕೇ ದಿನಾ ಒಂದು ಚೂರು ದೊಣ್ಣೆಮೆಣಸಿನಕಾಯಿ.

ಆಯಸ್ಸು 5ರಿಂದ 8 ವರ್ಷ. ನನಗೀಗ 74! ಮನಸ್ಸಿನಲ್ಲೇ ಲೆಕ್ಕ ಹಾಕಿದೆ. "ನನ್ನ ಕೈಲಾಗದಿದ್ದರೆ ನೀನು ನೋಡ್ಕೋಬೇಕಪ್ಪ" ಎಂದು ಮಗನಿಂದ ಮಾತು ತೆಗೆದುಕೊಂಡ ಮೇಲೇ ಎರಡನ್ನೂ ಮನೆಗೆ ತಂದೆವು. ಅವು ಮತ್ತೆ ರಟ್ಟಿನ ಪೆಟ್ಟಿಗೆ ಸೇರಬಾರದಲ್ಲ!